ಇನ್ನೂರ ಹದಿನಾಲ್ಕನೆಯ ಜೀವಿ

ಭೂಮಿಯ ಮೇಲೆ ಜೀವ ಕುಡಿಯೊಡೆದಂದಿನಿಂದ ನಡೆದ ಮಹಾಘಟನೆಗಳನ್ನು ಯಾರಾದರೂ ಪಟ್ಟಿ ಮಾಡಲು ಕೂತರೆ, ಮೀನು ದಡ ಹತ್ತಿದ್ದು, ತೆವಳುವ ಪ್ರಾಣಿಗೆ ರೆಕ್ಕೆ ಮೂಡಿದ್ದು, ಮನುಷ್ಯ ಎರಡು ಕಾಲಿನ ಮೇಲೆ ಎದ್ದು ನಿಂತು ಸೊಂಟ ನೋಯಿಸಿಕೊಂಡದ್ದು, ಇವುಗಳ ಸಾಲಿನಲ್ಲೇ ಮಳಸಾಪುರದ ಶಿಲಾಜೀವಿ ವರ್ಗೀಕರಣ ಕಚೇರಿಯಲ್ಲಿ ಒಂದು ಬುಧವಾರ ಬೆಳಿಗ್ಗೆ ಹನ್ನೊಂದೂಕಾಲಕ್ಕೆ ನಡೆದ ಸಂಗತಿಯನ್ನೂ ಬರೆದುಕೊಳ್ಳಬೇಕಾಗುತ್ತದೆ. ಅಂದು ನಮೂನೆ ಏಳರಿಂದ ‘ಇತರೆ’ ಎಂಬ ಕಾಲಂ ತೆಗೆದುಹಾಕಲಾಯಿತು.

ಸುತ್ತೋಲೆಯ ವಾದ ಸರಳವಾಗಿತ್ತು. ಯಾವುದೇ ವಸ್ತು, ಜೀವಿ ಅಥವಾ ವ್ಯಕ್ತಿ ಒಂದಲ್ಲ ಒಂದು ವರ್ಗಕ್ಕೆ ಸೇರಿಯೇ ಇರುತ್ತದೆ. ‘ಇತರೆ’ ಎಂಬುದು ಸಿಬ್ಬಂದಿಯ ಆಲಸ್ಯಕ್ಕೆ ಇಟ್ಟ ಹೆಸರು. ಆದ್ದರಿಂದ ಏಕವರ್ಗ ಕಾಯ್ದೆಯ ಪ್ರಕಾರ ಇನ್ನು ಮುಂದೆ ಕಲ್ಲಿನಲ್ಲಿ ಸಿಗುವ ಪ್ರತಿಯೊಂದು ಗುರುತೂ ಪ್ರಾಣಿ, ಸಸ್ಯ, ಅಣಬೆ ಅಥವಾ ಬರೀ ಕಲೆ, ಈ ನಾಲ್ಕರಲ್ಲಿ ಒಂದಾಗಿರತಕ್ಕದ್ದು. ಕಾಯ್ದೆ ಕಲ್ಲಿಗಷ್ಟೇ ಅಲ್ಲ, ಎಲ್ಲದಕ್ಕೂ ಬಂದಿತ್ತು. ಮಳಸಾಪುರದ ಪೇಟೆಯಲ್ಲಿ ಅರ್ಧ ದಿನ ಬಟ್ಟೆ ಹೊಲಿದು ಅರ್ಧ ದಿನ ಮದುವೆಗಳಲ್ಲಿ ಕ್ಲಾರಿನೆಟ್ ಊದುತ್ತಿದ್ದವನೊಬ್ಬ ದರ್ಜಿ ಎಂಬ ವರ್ಗ ಆರಿಸಿಕೊಂಡು, ಅಲ್ಲಿಂದಾಚೆಗೆ ಮದುವೆಗಳಿಗೆ ಅತಿಥಿಯಾಗಿ ಹೋಗಿ, ಯಾರೂ ನೋಡದಂತೆ ಊದಲು ಪ್ರಯತ್ನಿಸುತ್ತಿದ್ದ.

ವರ್ಗೀಕರಣಾಧಿಕಾರಿ ಇಂದುಮತಿ ಹಳಿಖೇಡ ಸುತ್ತೋಲೆಯನ್ನು ಎರಡು ಸಲ ಓದಿದಳು. ಆಮೇಲೆ ಕನ್ನಡಕ ಹಾಕಿಕೊಂಡು ಮೂರನೆಯ ಸಲ ಓದಿದಳು. ಐವತ್ತೊಂಬತ್ತು ವರ್ಷ, ಮೂವತ್ತೊಂದು ವರ್ಷದ ನೌಕರಿ. ಸುತ್ತೋಲೆಗಳು ಮೂರನೆಯ ಓದಿಗೂ ಬದಲಾಗುವುದಿಲ್ಲವೆಂದು ಅವಳಿಗೆ ತಿಳಿದಿತ್ತು.

“ರುಕ್ಮುದ್ದೀನ್, ನಮ್ಮ ಇತರೆ ಕಪಾಟಿನಾಗ ಎಷ್ಟವ?”

“ಇನ್ನೂರಾ ಹದಿಮೂರು ಅವ್ರಿ ಮೇಡಂ. ಎಲ್ಲಾ ಆರಾಮ ಅವ.”

ರುಕ್ಮುದ್ದೀನ್ ಆ ಕಚೇರಿಯ ಜವಾನ. ಬಂದ ಕಲ್ಲುಗಳನ್ನು ನಿಯಮ ಒಂಬತ್ತರ ಪ್ರಕಾರ ಮೂರು ಸಲ ಶುದ್ಧ ನೀರಿನಲ್ಲಿ ತೊಳೆದು, ಒರೆಸಿ, ಕಪಾಟಿನಲ್ಲಿ ಇಡುವುದು ಅವನ ಕೆಲಸ. ಯಾವ ಶಾಸ್ತ್ರಕ್ಕೂ ಸಿಗದ ಆ ಜೀವಿಗಳಿಗೆ ಅವನೇ ಹೆಸರಿಟ್ಟಿದ್ದ. ಸುರುಳಿಯೊಳಗೆ ಸುರುಳಿಯಿದ್ದು ಬಾಯಿ ಎಲ್ಲೆಂದು ತಿಳಿಯದ್ದು ಜಿಲೇಬಿ. ಒಂದೇ ಕಡೆಗೆ ಐವತ್ತು ಹಲ್ಲಿದ್ದು, ಹಲ್ಲಿನ ಹಿಂದೆ ಹೊಟ್ಟೆಯೇ ಇಲ್ಲದ್ದು ಹಣಗಿ. ಒಂದೇ ಕಲ್ಲಿನಲ್ಲಿ ಬೆನ್ನು ತಿರುಗಿಸಿಕೊಂಡು ಕೂತ ಎರಡು, ಅಥವಾ ಬಹುಶಃ ಒಂದೇ ಜೀವಿ, ಬೀಗರು. ಅರವತ್ತು ಕೋಟಿ ವರ್ಷಗಳ ಹಿಂದೆ ಈ ಸೀಮೆ ಕಡಲ ತಳವಾಗಿದ್ದಾಗ ಬದುಕಿದ್ದ, ಆಮೇಲೆ ತಮ್ಮ ಕುಲದವರೆಂದು ಯಾರನ್ನೂ ಬಿಟ್ಟುಹೋಗದ ಮಂದಿ ಅವರು.

ತೊಂಬತ್ತು ದಿನದ ಗಡುವು. ಇಂದುಮತಿ ಇನ್ನೂರ ಹದಿಮೂರನ್ನೂ ಇತ್ಯರ್ಥ ಮಾಡಿದಳು. ಜಿಲೇಬಿ ಸಸ್ಯವಾಯಿತು. ಬೀಗರು ಅಣಬೆಯಾದರು. ಉಳಿದ ಬಹುತೇಕ ಜೀವಿಗಳು ಪ್ರಾಣಿ ಕಾಲಮ್ಮಿನಲ್ಲಿ ‘ಹುಳು’ ಎಂಬ ಉಪವರ್ಗಕ್ಕೆ ಹೋದವು. ಎಲ್ಲಿಯೂ ಸಲ್ಲದವರು ಹುಳುಗಳಲ್ಲಿ ಸಲ್ಲುತ್ತಾರೆಂಬುದು ಶಾಸ್ತ್ರಜ್ಞರೊಳಗೆ ಹಳೆಯ ಒಪ್ಪಂದ. ಇವೆಲ್ಲ ಎಂದೋ ಹಾಳುಬಿದ್ದ ಗುಂಡಿಗಳಿಂದ ಬಂದ ಕಲ್ಲುಗಳಾದ್ದರಿಂದ ಯಾರೂ ತಕರಾರೆತ್ತಲಿಲ್ಲ. ಹುಳುಗಳಂತೂ ಎತ್ತಲಿಲ್ಲ.

ತೊಡಕಾದದ್ದು ಇನ್ನೂರ ಹದಿನಾಲ್ಕನೆಯದು.

ಅದು ಬಂದದ್ದು ಕರಿಹಿಪ್ಪರಗಿಯಿಂದ, ನೆಲಕ್ಕೆ ಹಾಸುವ ಪರಸಿ ಕಲ್ಲಿನ, ಇನ್ನೂ ನಡೆಯುತ್ತಿದ್ದ ಗಣಿಯಿಂದ. ಅಂಗೈಯಗಲದ ಗುರುತು, ಒಂಬತ್ತು ಏಣು, ಏಣುಗಳ ನಡುವೆ ತೆಳ್ಳನೆಯ ನೆರಿಗೆ. ತಲೆಯೆಂದು ಹೇಳಬಹುದಾದದ್ದು ಯಾವ ತುದಿಯಲ್ಲೂ ಇರಲಿಲ್ಲ. ಮೊದಲಿನ ಕಾಲವಾಗಿದ್ದರೆ ಇಂದುಮತಿ ‘ಇತರೆ’ ಎಂದು ಬರೆಯುತ್ತಿದ್ದಳು, ಗಣಿಯವರು ಮಾರನೆಯ ದಿನವೇ ಸುತ್ತಿಗೆ ಎತ್ತುತ್ತಿದ್ದರು. ಈಗ ಹಾಗಿಲ್ಲ. ಪ್ರಾಣಿಯೆಂದಾದರೆ ಪ್ರಾಚೀನ ಪ್ರಾಣಿ ಸಂರಕ್ಷಣೆಯ ನಿಯಮದಡಿ ಗಣಿ ಶಾಶ್ವತವಾಗಿ ಬಂದ್. ಬರೀ ಕಲೆಯೆಂದಾದರೆ ಗಣಿ ಶುರು. ತೀರ್ಮಾನವಾಗುವವರೆಗೆ ಬೇಲಿ. ಬೇಲಿ ಹಾಕಿ ಏಳು ತಿಂಗಳಾಗಿತ್ತು. ಕರಿಹಿಪ್ಪರಗಿಯ ನಾನೂರು ಮನೆಗಳಲ್ಲಿ ಕಲ್ಲು ಒಡೆಯುವುದನ್ನು ಬಿಟ್ಟು ಬೇರೆ ಕೆಲಸ ಗೊತ್ತಿದ್ದವರು ಇಬ್ಬರು: ಒಬ್ಬ ಹಜಾಮ, ಒಬ್ಬ ಸತ್ತುಹೋಗಿದ್ದ.

ನಡೆಯುವ ಗಣಿಯ ಕಲ್ಲಾದರೆ ತೀರ್ಮಾನ ಮಾಡುವುದು ಇಂದುಮತಿಯಲ್ಲ, ತೊಟ್ಟಿ. ಕಾಗದಪತ್ರಗಳಲ್ಲಿ ಅದಕ್ಕೆ ಉದ್ದವಾದ ಹೆಸರಿತ್ತು, ಆದರೆ ನೋಡಿದವರು ತೊಟ್ಟಿಯೆಂದೇ ಕರೆಯುತ್ತಿದ್ದರು: ಉಪ್ಪುನೀರು ತುಂಬಿದ ಗಾಜಿನ ತೊಟ್ಟಿ, ಪಕ್ಕದಲ್ಲಿ ಬೀರುವಿನಷ್ಟು ಯಂತ್ರ. ಗುರುತಿನಲ್ಲಿ ಅಳಿದುಳಿದ ಇಂಗಾಲದ ಕಣಗಳನ್ನು ಯಂತ್ರ ಓದಿ, ಎಲ್ಲಿ ಮೆತ್ತಗಿತ್ತು, ಎಲ್ಲಿ ಬಿರುಸಿತ್ತು, ಯಾವ ಸ್ನಾಯು ಯಾವುದನ್ನು ಎಳೆಯುತ್ತಿತ್ತು ಎಂದು ಊಹಿಸಿ, ಜೆಲ್ಲಿಯಂಥ ಪದಾರ್ಥದಲ್ಲಿ ಆ ದೇಹವನ್ನು ಎರಕ ಹೊಯ್ಯುತ್ತಿತ್ತು. ನೀರಿಗೆ ಬಿಟ್ಟು ಸಣ್ಣಗೆ ವಿದ್ಯುತ್ ಹರಿಸಿದರೆ ಎಳೆಗಳು ಸೆಳೆಯುತ್ತವೆ. ರಚನೆ ಸರಿಯಿದ್ದರೆ ಸೆಳೆತಗಳೆಲ್ಲ ಕೂಡಿ ನಡಿಗೆಯೋ ಈಜೋ ಆಗುತ್ತದೆ. ತಪ್ಪಿದ್ದರೆ ಒಂದು ಮುಂದಕ್ಕೆಳೆದು ಒಂದು ಹಿಂದಕ್ಕೆಳೆದು, ಎಲ್ಲರೂ ದುಡಿದರೂ ಏನೂ ಆಗದೆ ತಳ ಸೇರುತ್ತದೆ. ಸರ್ಕಾರಿ ಇಲಾಖೆಗಳ ಬಗ್ಗೆಯೂ ಇಷ್ಟು ಸ್ಪಷ್ಟವಾದ ವಿವರಣೆ ಬೇರೆಲ್ಲಿಯೂ ಸಿಗುವುದಿಲ್ಲವೆಂದು ಇಂದುಮತಿಯ ಅಭಿಪ್ರಾಯ.

ಬಿಡುವಿಲ್ಲದೆ ಮೂರು ನಿಮಿಷ ಚಲಿಸಿದರೆ ಪ್ರಾಣಿ. ಮೂರು ಪರೀಕ್ಷೆಗಳಲ್ಲೂ ಅಷ್ಟು ಹೊತ್ತು ಚಲಿಸದೆ ಹೋದರೆ ಬರೀ ಕಲೆ. ಎಷ್ಟು ಹೊತ್ತು ಚಲಿಸಿತೆಂದಷ್ಟೇ ಯಂತ್ರ ಬರೆದುಕೊಳ್ಳುತ್ತಿತ್ತು. ಯಾಕೆ ನಿಂತಿತೆಂಬುದು ಅದಕ್ಕೆ ಬೇಕಿರಲಿಲ್ಲ. ಎರಡು ಪರೀಕ್ಷೆ ಮುಗಿದಿದ್ದವು. ಮೊದಲ ಸಲ ಹನ್ನೊಂದು ಸೆಕೆಂಡು ಒದ್ದಾಡಿ ಮುಳುಗಿತ್ತು, ಎರಡನೆಯ ಸಲ ಒಂಬತ್ತು. ಜೆಲ್ಲಿಯ ಡಬ್ಬಿ ರಾಜಧಾನಿಯಿಂದ ಬರಬೇಕು, ಬರುವುದಕ್ಕೆ ಎರಡೆರಡು ತಿಂಗಳು. ಅದಕ್ಕೇ ಏಳು ತಿಂಗಳು ಹಿಡಿದದ್ದು.

ಎರಡನೆಯ ಸಲ ಅದು ಮುಳುಗಿದಾಗ ಇಂದುಮತಿಗೆ ಸಮಾಧಾನವಾಯಿತು. ಆ ಸಮಾಧಾನ ಅವಳಿಗೇ ಸೋಜಿಗವೆನಿಸಿತು. ಇಪ್ಪತ್ತೆಂಟರ ವಯಸ್ಸಿನಲ್ಲಿ ಅವಳು ಈ ಕೆಲಸಕ್ಕೆ ಸೇರಿದ್ದೇ ಯಾರ ಕುಲಕ್ಕೂ ಸೇರದ ಒಂದು ಪ್ರಾಣಿಯನ್ನು ಕಣ್ಣಾರೆ ಕಾಣಬೇಕೆಂದು. ಈಗ ಗಾಜಿಗೆ ಹಣೆ ಹಚ್ಚಿ, ‘ಮುಳುಗವ್ವ ತಾಯಿ, ಸುಮ್ಮನೆ ಮುಳುಗು’ ಎಂದು ಬೇಡಿಕೊಳ್ಳುವ ಹೊತ್ತು ಬಂದಿತ್ತು.

ಮನೆಯಲ್ಲೂ ವರ್ಗೀಕರಣ ನಡೆದೇ ಇತ್ತು. ಅವಳ ಗಂಡ ಶ್ರೀಪಾದ ರೈಲ್ವೆಯಲ್ಲಿ ಗಾರ್ಡಾಗಿ ನಿವೃತ್ತನಾದವನು. ದಿನಾ ಬೆಳಿಗ್ಗೆ ಏಳಕ್ಕೆ ಕಸದ ಬುಟ್ಟಿ ಹಿಡಿದು ಬೀದಿಯ ತುದಿಯ ಕಸದ ಯಂತ್ರದ ಎದುರಿಗೆ ನಿಲ್ಲುವುದು ಅವನ ಹೊಸ ಡ್ಯೂಟಿ. ಯಂತ್ರಕ್ಕೆ ಮೂರು ಬಾಯಿ, ಹಸಿ, ಒಣ, ಅಪಾಯ. ಒಪ್ಪಿಗೆಯಾಗದ್ದನ್ನು ಅದು ಹೊರಗೆ ಉಗುಳುತ್ತಿತ್ತು.

“ನಾಲ್ಕನೇ ದಿನ ಇದು,” ಎಂದ ಶ್ರೀಪಾದ, ಸವೆದ ತೆಂಗಿನ ನಾರಿನ ಬ್ರಷ್ಷನ್ನು ಅಡುಗೆಮನೆಯ ಕಟ್ಟೆಯ ಮೇಲಿಡುತ್ತ. “ನಾರು ಹಸಿ ಅಂತದ, ಹಿಡಿಕಿ ಒಣ ಅಂತದ, ನಟ್ಟ ಮೊಳೆ ಅಪಾಯ ಅಂತದ. ಮೂರಕ್ಕ ಮೂರೂ ಖರೇನ. ಆದ್ರ ಬ್ರಷ್ ಮನ್ಯಾಗ ಅದ.”

“ಬಿಚ್ಚಿ ಮೂರೂ ಬ್ಯಾರೆ ಬ್ಯಾರೆ ಹಾಕ್ರಿ.”

“ಹಾಕ್ತಿದ್ದೆ. ಬಿಚ್ಚಲಿಕ್ಕ ಹೋದ್ರ ಬ್ರಷ್ ಎಷ್ಟು ಗಟ್ಟಿ ಅದ ನೋಡು, ಛೊಲೋ ಮಾಡ್ಯಾರ ಅನಸ್ತದ. ಇನ್ನೊಂದು ವರ್ಷ ತಿಕ್ಕಬಹುದು.” ಅವನು ಕೂತು ಚಹಾದ ಬಸಿ ಎತ್ತಿಕೊಂಡ. “ನಮ್ಮ ಗಾಡಿಗೆ ಎಷ್ಟು ಡಬ್ಬಿ ಇದ್ರೂ ಕಡೀಕ ಗಾರ್ಡಿನ ಡಬ್ಬಿ ಅಂತ ಒಂದು ಇರ್ತಿತ್ತು. ಎಲ್ಲೂ ಹಿಡೀಲಾರದ್ದೆಲ್ಲಾ ಅದರಾಗ. ಸೈಕಲ್ಲು, ನಾಯಿ, ಹೆಣ, ನಾನು.”

ಇಂದುಮತಿ ನಕ್ಕಳು. ನಗು ಅರ್ಧದಲ್ಲಿ ಆಕಳಿಕೆಯಾಯಿತು. ಮೂರನೆಯ ಪರೀಕ್ಷೆಗೆ, ಕಲ್ಲು ಯಾರ ಕೈಗೆ ಸಿಕ್ಕಿತೋ ಅವರನ್ನೇ ಸಾಕ್ಷಿಯಾಗಿ ಕರೆಸಬೇಕೆಂದು ನಿಯಮವಿತ್ತು. ನೋಟೀಸನ್ನು ಖುದ್ದಾಗಿ ಮುಟ್ಟಿಸಬೇಕೆಂದೂ ಇತ್ತು. ಅವಳು ಹತ್ತೂವರೆಯ ಬಸ್ಸಿಗೆ ಕರಿಹಿಪ್ಪರಗಿಗೆ ಹೊರಟಳು.

ಗಣಿಯ ಬೇಲಿಯ ಮೇಲೆ ಸೀರೆಗಳು ಒಣಗುತ್ತಿದ್ದವು. ಬೇಲಿಗೆ ಅದಕ್ಕಿಂತ ಹೆಚ್ಚಿನ ಉಪಯೋಗವನ್ನು ಊರು ಕಂಡುಕೊಂಡಿರಲಿಲ್ಲ. ಗುಂಡಿಯಲ್ಲಿ ನೀರು ನಿಂತು ಎಮ್ಮೆಗಳು ಬಿದ್ದುಕೊಂಡಿದ್ದವು. ಅಷ್ಟು ದೊಡ್ಡ ಊರಿನಲ್ಲಿ ಸುತ್ತಿಗೆಯ ಸದ್ದೊಂದು ಇಲ್ಲದಿದ್ದರೆ ಎಷ್ಟು ನಿಶ್ಶಬ್ದವೆಂದು ಇಂದುಮತಿಗೆ ಗೊತ್ತಾದದ್ದು ತನ್ನ ಚಪ್ಪಲಿಯ ಸದ್ದು ತನಗೇ ಕೇಳಿಸಿದಾಗ.

ಹುಲಿಗೆಮ್ಮನ ಮನೆ ಮೂರನೆಯದು. ಐವತ್ತರ ಸುಮಾರಿನ ಹೆಂಗಸು; ಬಲಗೈ ಎಡಗೈಗಿಂತ ಒಂದು ಸುತ್ತು ದಪ್ಪ. ಇನ್ನೂರ ಹದಿನಾಲ್ಕನೆಯ ಕಲ್ಲನ್ನು ಸೀಳಿದ್ದು ಅವಳೇ. ಸೀಳಿ ಮೇಲಕ್ಕೆತ್ತಿ ಮಗುಚುತ್ತಿದ್ದಂತೆ ಗಣಿಯ ಮೇಲೆ ಹಾರಾಡುವ ಸರ್ಕಾರಿ ಕ್ಯಾಮೆರಾ ಆ ಗುರುತನ್ನು ಕಂಡು ಕೂಗಿಕೊಂಡಿತ್ತು.

“ಬರ್ರಿ ಅಮ್ಮಾರ. ಖಣಿ ಬಂದ್ ಮಾಡ್ಸಿದಾಕಿ ಅಂತ ಮಂದಿ ನಿಮಗ ಬೈತಾರ, ಮನಸಿಗಿ ಹಚ್ಕೋಬ್ಯಾಡ್ರಿ. ನಾನೂ ಬೈತೀನಿ.”

“ಬೈಲಿ ಬಿಡವ್ವ.”

“ಎದುರಿಗಿ ಬೈಯಂಗಿಲ್ರಿ. ಅಷ್ಟು ಮರ್ಯಾದಿ ಅದ ನಮ್ಮೂರಾಗ.” ಹುಲಿಗೆಮ್ಮ ಚಾಪೆ ಹಾಸಿ ಚಹಾಕ್ಕೆ ನೀರಿಟ್ಟಳು. ಗೋಡೆಯ ಮೊಳೆಗೆ ಅವಳ ಸುತ್ತಿಗೆಯೂ ಕಲ್ಲು ಸೀಳುವ ಚಾಣಗಳೂ ತೂಗುಬಿದ್ದಿದ್ದವು. ಏಳು ತಿಂಗಳ ಧೂಳು ಇರಲಿಲ್ಲ. ದಿನಾ ಒರೆಸುತ್ತಿದ್ದಳೆಂದು ಕಾಣುತ್ತಿತ್ತು.

“ನಿನ್ನ ಗಂಡ ಎಲ್ಲವ್ವ?”

“ಸೋಲಾಪುರದಾಗ ಯಾವುದೋ ಬಿಲ್ಡಿಂಗಿಗಿ ವಾಚ್‌ಮನ್ ರೀ. ಕಲ್ಲ ಒಡಿಯೋ ಮನಿಸ್ಯಾಗ ಗೇಟ್ ತಗಿ ಗೇಟ್ ಮುಚ್ಚ ಅಂದ್ರ ಏನ್ ಮಾಡ್ಬೇಕು? ಫೋನಿನಾಗ ಅಳ್ತಾನ. ‘ಏ ಹುಲಿಗಿ, ನನ್ನ ಕೈ ಮೆತ್ತಗಾಗ್ಲತ್ತಾವ’ ಅಂತಾನ. ಮೆತ್ತಗಾಗ್ಲಿ ಬಿಡು, ಮೂವತ್ತು ವರ್ಷದಾಗ ಒಮ್ಮೆರ ಮೆತ್ತನ ಕೈಲೆ ಮುಟ್ಟಿದಿ ಏನು ಅಂದೆ. ಆಗ ನಕ್ಕ.” ಅವಳು ಒಲೆಯೂದಿ ತಿರುಗಿದಳು. “ನೀವು ಖರೇ ಹೇಳ್ರಿ. ಖಣಿ ತೆಗೀತಾರೋ ಇಲ್ಲೋ? ಇಲ್ಲಂದ್ರ ನಾನೂ ಹೋಗಿ ಅವನ ಗೇಟಿನ ಇನ್ನೊಂದು ಬಾಕಲ ಹಿಡ್ಕೊಂಡು ನಿಂದರ್ತೀನಿ.”

“ಎರಡು ಸಲ ಅದು ಮುಳುಗ್ಯದ. ಇನ್ನೊಂದು ಸಲ ಮುಳುಗಿದ್ರ ಖಣಿ ನಿಮ್ಮದು. ಮೂರು ನಿಮಿಷ ಈಜಿದ್ರ ಕಾಯಂ ಬಂದ್. ಶುಕ್ರವಾರ ನೀ ಬರಬೇಕು. ‘ಇದು ನಾ ಒಡದ ಕಲ್ಲು ಹೌದು’ ಅಂತ ಅಂದ್ರ ಆಯ್ತು.”

“ಅಷ್ಟೇನಾ? ಬರ್ತೀನಿ. ಮುಳುಗಲಿ ಅಂತ ದುರ್ಗವ್ವಗ ಟೆಂಗಿನಕಾಯಿ ಒಡಸಿ ಬರ್ತೀನಿ.”

ಚಹಾ ಕುಡಿಯುತ್ತ ಇಂದುಮತಿಯ ಕಣ್ಣು ಅಂಗಳದಲ್ಲಿ ಒಟ್ಟಿದ್ದ ಹಳೆಯ ಕಲ್ಲುಗಳ ಮೇಲೆ ಬಿತ್ತು. ಪ್ರತಿಯೊಂದರ ಮೂಲೆಯಲ್ಲೂ ಬೆರಳಿನಷ್ಟು ಸುಣ್ಣ.

“ಆ ಬೊಟ್ಟು ಯಾಕ?”

“ಅದು ಮಲಗಿದ ಮಗ್ಗಲದ ಗುರ್ತ್ರಿ. ಕಲ್ಲ ನೆಲದಾಗ ಹ್ಯಾಂಗ ಮಲಗಿತ್ತೋ ಹಂಗೇ ಮನ್ಯಾಗ ಹಾಸಬೇಕು. ಒಡದ ಕೂಡ್ಲೇ ಆಕಾಶದ ಕಡಿ ಇದ್ದ ಮಗ್ಗಲಿಗಿ ಸುಣ್ಣ ಹಚ್ತೀವಿ. ಬೋರಲ ಹಾಸಿದ್ರ ಆ ಮನ್ಯಾಗ ಮಂದಿಗಿ ನಿದ್ದಿ ಹತ್ತಂಗಿಲ್ಲ.”

“ನೀ ಇದನ್ನ ನಂಬ್ತೀಯೇನು?”

“ನಾಯಾಕ ನಂಬ್ಲಿ ಅಮ್ಮಾರ? ನಾ ದಣದು ಬಂದ್ರ ಗಾಡಿ ಗಾಲಿ ಮ್ಯಾಲೂ ಮಲಗಾಕಿ. ಆದ್ರ ಕೆಲಸ ಅಂದ ಮ್ಯಾಲ ಕೆಲಸ.”

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು, ಗಾಳಿಯೂ ಸಿಕ್ಕಿತು. ಕರಿಹಿಪ್ಪರಗಿ ದಾಟಿ ಎರಡು ಮೈಲಿ ಬರುವಷ್ಟರಲ್ಲಿ ಇಂದುಮತಿಗೆ ಒಂದು ವಿಚಾರ ಹೊಳೆಯಿತು. ಹೊಳೆದದ್ದಕ್ಕೆ ಅವಳು ಮನಸ್ಸಿನಲ್ಲೇ ಹಣೆ ಬಡಿದುಕೊಂಡಳು. ಇನ್ನೂರ ಹದಿನಾಲ್ಕಕ್ಕೂ ಸುಣ್ಣದ ಬೊಟ್ಟಿದ್ದಿರಬೇಕು. ರುಕ್ಮುದ್ದೀನ್ ನಿಯಮ ಒಂಬತ್ತರಂತೆ ಮೂರು ಸಲ ತೊಳೆದಿದ್ದ. ನಮೂನೆಯಲ್ಲಿ ‘ಮೇಲ್ಮೈ’ ಎಂಬಲ್ಲಿ, ಗುರುತು ಯಾವ ಕಡೆ ಇದೆಯೋ ಅದೇ ಮೇಲ್ಮೈ ಎಂದು ಅವಳೇ ಟಿಕ್ ಹಾಕಿದ್ದಳು. ಕಚೇರಿಯಲ್ಲಿ ಕಣ್ಣಿಗೆ ಕಾಣುವ ಬದಿಯೇ ಮೇಲಿನ ಬದಿ. ಬೇರೆ ಥರ ಇರಬಹುದೆಂದು ಮೂವತ್ತೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಆದರೆ ಕಲ್ಲು ನೆಲದಲ್ಲಿ ಅದಕ್ಕೆ ತಿರುವುಮುರುವಾಗಿ ಮಲಗಿತ್ತೆಂದಾದರೆ ಗುರುತಿರುವುದು ಅದರ ಅಡಿಮಗ್ಗುಲಲ್ಲಿ, ಪ್ರಾಣಿಯ ಮೇಲೆ ಬಂದು ಕೂತ ಕೆಸರಿನಲ್ಲಿ. ಆಗ ಕಾಲೆಂದು ತಿಳಿದ ಒಂಬತ್ತು ಏಣುಗಳು ಬೆನ್ನ ಮೇಲಿನವು. ಯಂತ್ರ ಎರಡು ಸಲವೂ ಪಾಪದ ಪ್ರಾಣಿಯನ್ನು ಅಂಗಾತ ಎರಕ ಹೊಯ್ದು, ತೂಕವನ್ನೆಲ್ಲ ತಪ್ಪು ಬದಿಗೆ ತುಂಬಿ ನೀರಿಗೆ ಎಸೆದಿತ್ತು.

ಹೌದೋ ಅಲ್ಲವೋ ಹುಲಿಗೆಮ್ಮನನ್ನು ಕೇಳಿದರೆ ತಿಳಿಯುತ್ತಿತ್ತು. ಬಸ್ಸು ಇಳಿದು ಇನ್ನೊಂದು ಹತ್ತಿದರೆ ಅರ್ಧ ಗಂಟೆ. ಇಂದುಮತಿ ಇಳಿಯಲಿಲ್ಲ. ಆ ವಿಚಾರವನ್ನು ಕಿಟಕಿಯಿಂದಾಚೆಗೆ ಬಿಟ್ಟವಳಂತೆ ಸೆರಗು ಹೊದ್ದು ಕಣ್ಣು ಮುಚ್ಚಿದಳು. ನಿದ್ದೆಯೇನೂ ಬರಲಿಲ್ಲ.

ಸಂಜೆ ಶ್ರೀಪಾದ ಅದೇ ಬ್ರಷ್ಷಿನಿಂದ ಬಚ್ಚಲು ತಿಕ್ಕುತ್ತಿದ್ದ. ಅವಳು ಹೊಸ್ತಿಲ ಮೇಲೆ ಕೂತು ಕೇಳಿದಳು. “ಏನ್ರಿ, ತಪ್ಪು ಅಂತ ಗೊತ್ತಿದ್ದೂ ನೀವು ಎಂದರ ಹಸಿರು ನಿಶಾನಿ ತೋರಸೀರೇನು?”

“ತೋರಿಸಿದ್ರ ನಾ ರಿಟೈರ್ ಆಗ್ತಿದ್ದಿಲ್ಲ, ಸಸ್ಪೆಂಡ್ ಆಗ್ತಿದ್ದೆ.” ಅವನು ನೀರು ಸುರಿದು, ಸ್ವಲ್ಪ ಯೋಚಿಸಿ ಹೇಳಿದ. “ಆದ್ರ ಒಮ್ಮೆ ಕೆಂಪು ತೋರಿಸೋ ಜಾಗಾದಾಗ ಏನೂ ತೋರಿಸಲಾರದ ಚಹಾ ಕುಡದೆ. ತುಂಬಿದ ಬಸುರಿ ಇದ್ದಳು ಗಾಡ್ಯಾಗ, ನಿಂದರಸಿದ್ರ ಎರಡು ತಾಸು ಲೇಟ್ ಆಗ್ತಿತ್ತು. ಯಾಕ?”

“ಸುಮ್ನ ಕೇಳ್ದೆ.”

“ಸುಮ್ನ ಕೇಳಿದ್ರ ಮಾರಿ ಹಿಂಗ ಯಾಕ ಆಗ್ಯದ?”

“ಬಸ್ಸಿನ ಧೂಳು,” ಎಂದಳು ಇಂದುಮತಿ.

ಶುಕ್ರವಾರ ಹುಲಿಗೆಮ್ಮ ಹಸಿರು ಸೀರೆಯುಟ್ಟು, ಹಣೆತುಂಬ ದುರ್ಗವ್ವನ ಭಂಡಾರದ ಅರಿಸಿನ ಬಳಿದುಕೊಂಡು ಬಂದಳು. ತೆಂಗಿನಕಾಯಿಯ ಅರ್ಧ ಹೋಳನ್ನು ರುಕ್ಮುದ್ದೀನನ ಕೈಗಿಟ್ಟಳು. ಕಚೇರಿಯ ಮೆಟ್ಟಿಲು ಹತ್ತುವಾಗಲೇ ಇಂದುಮತಿ ಎಚ್ಚರಿಸಿದಳು: “ಯಂತ್ರ ಕೇಳಿದ್ದಕ್ಕ ಹೌದು ಅನ್ನು. ಬ್ಯಾರೇ ಏನೂ ಅನಬ್ಯಾಡ.”

“ಗಂಡನ ಮನ್ಯಾಗ ಹೊಸದಾಗಿ ಬಂದಾಗೂ ಹಿಂಗೇ ಹೇಳಿದ್ರು ನನಗ,” ಎಂದಳು ಹುಲಿಗೆಮ್ಮ.

ತೊಟ್ಟಿಯ ಎದುರಿನ ಮೇಜಿನ ಮೇಲೆ ಇನ್ನೂರ ಹದಿನಾಲ್ಕು ಮಲಗಿತ್ತು, ಗುರುತು ಮೇಲಾಗಿ. ಯಂತ್ರದೊಳಗಿನ ಹೆಣ್ಣುದನಿ ಶುದ್ಧ ಕನ್ನಡದಲ್ಲಿ ಕೇಳಿತು: “ಸಾಕ್ಷಿದಾರರೇ, ಪ್ರಸ್ತುತ ಮಾದರಿಯು ತಮ್ಮಿಂದ ಹೊರತೆಗೆಯಲ್ಪಟ್ಟ ಶಿಲೆಯೇ?”

“ಏನಂತದ್ರಿ ಇದು?”

“ಈ ಕಲ್ಲು ನೀ ಒಡದದ್ದೇನು ಅಂತ.”

ಹುಲಿಗೆಮ್ಮ ಬಗ್ಗಿದಳು. ಕಣ್ಣಿನಿಂದ ನೋಡಲಿಲ್ಲ, ಹೆಬ್ಬೆರಳಿನಿಂದ ಅಂಚಿನುದ್ದಕ್ಕೂ ಸವರಿದಳು. “ಹೌದ್ರಿ, ನಂದೇ ಕೈ ಇದು.” ಹೆಬ್ಬೆರಳು ಒಂದು ಮೂಲೆಯಲ್ಲಿ ನಿಂತಿತು. “ಆದ್ರ ಬೋರಲ ಇಟ್ಟೀರಿ.”

“ಹುಲಿಗೆಮ್ಮಾ, ಹೌದು ಅಂದ್ರ ಸಾಕು.”

“ಹೌದು ಅಂದೇನಲ್ರಿ. ಬೋರಲ ಅದ ಅಂತನೂ ಅಂದೆ. ಚಾಣದ ಏಟ ನೋಡ್ರಿ ಇಲ್ಲಿ. ಮ್ಯಾಲಿಂದ ಹೊಡದ್ರ ಚಕ್ಕಿ ಕೆಳಗಿನ ಅಂಚಿಗಿ ಏಳ್ತದ. ಇಲ್ಲಿ ಮ್ಯಾಲ ಎದ್ದದ. ಸಣ್ಣ ಹುಡುಗರಿಗೂ ತಿಳೀತದ ಇದು. ಇಷ್ಟು ದೊಡ್ಡ ಆಫೀಸಿನಾಗ ಕಲ್ಲ ಬೋರಲ ಮಲಗಿಸಿ ಏಳು ತಿಂಗಳಿಂದ—”

“ಸಾಕ್ಷಿದಾರರ ಆಕ್ಷೇಪಣೆ ದಾಖಲಾಗಿದೆ,” ಎಂದಿತು ಯಂತ್ರ. “ಅಧಿಕಾರಿಗಳೇ, ಆಕ್ಷೇಪಣೆ ಮಾನ್ಯವೇ? ಹೌದು ಅಥವಾ ಇಲ್ಲ.”

ಎರಡು ಗುಂಡಿ ಹೊತ್ತಿಕೊಂಡವು. ಇಲ್ಲವೆಂದು ಒತ್ತಿದರೆ ಹಳೆಯ ಎರಕವೇ ನೀರಿಗಿಳಿಯುತ್ತದೆ, ಹತ್ತು ಸೆಕೆಂಡಿನಲ್ಲಿ ಮುಳುಗುತ್ತದೆ, ಮಧ್ಯಾಹ್ನದ ಬಸ್ಸಿಗೆ ಹುಲಿಗೆಮ್ಮ ಶುಭವಾರ್ತೆ ಹೊತ್ತು ಹೋಗುತ್ತಾಳೆ. ಇಂದುಮತಿ ಬೆರಳನ್ನು ‘ಇಲ್ಲ’ ಗುಂಡಿಯ ಮೇಲಿಟ್ಟಳು. ಆಮೇಲೆ ನಡೆದದ್ದಕ್ಕೆ ಅವಳು ಯಾರಿಗೂ ಕಾರಣ ಕೊಡಲಿಲ್ಲ, ತನಗೂ ಕೊಟ್ಟುಕೊಳ್ಳಲಿಲ್ಲ. ಸತ್ತುಹೋಗಿದೆಯೆಂದು ಅವಳು ನಂಬಿದ್ದ ಕುತೂಹಲಕ್ಕೂ ಒಂದು ಚಟವಿರುತ್ತದೆ. ಬೆರಳು ಒಂದಂಗುಲ ಸರಿದು ‘ಹೌದು’ ಒತ್ತಿತು.

ಯಂತ್ರ ಹೊಸದಾಗಿ ಎರಕ ಹೊಯ್ಯಲು ನಲವತ್ತು ನಿಮಿಷ ತೆಗೆದುಕೊಂಡಿತು. ಮೂವರೂ ಚಹಾ ಕುಡಿದರು. ಹುಲಿಗೆಮ್ಮ ತಾನು ಮಾಡಿದ ಉಪಕಾರದಿಂದ ಹಗುರಾಗಿದ್ದಳು. ಕಚೇರಿಯ ನೆಲದ ಹಾಸುಗಲ್ಲುಗಳನ್ನೆಲ್ಲ ಕಾಲಿನಿಂದಲೇ ಪರೀಕ್ಷಿಸಿ, ಒಂಬತ್ತು ಬೋರಲಿವೆಯೆಂದು ರುಕ್ಮುದ್ದೀನನಿಗೆ ತೋರಿಸಿದಳು. “ಅದಕ್ಕೇ ಇಲ್ಲಿ ಯಾರಿಗೂ ನಿದ್ದಿ ಹತ್ತಂಗಿಲ್ಲೇನ್ರಿ?”

“ಇಲ್ಲಿ ನಿದ್ದಿಗಿ ಏನೂ ಕಮ್ಮಿ ಇಲ್ಲವ್ವ,” ಎಂದ ರುಕ್ಮುದ್ದೀನ್.

ಘಂಟೆ ಬಡಿಯಿತು. ತಟ್ಟೆಯಿಂದ ಜಾರಿ ಅದು ನೀರಿಗಿಳಿಯಿತು: ಹೊಗೆಬಣ್ಣ, ಅಂಗೈಯಗಲ, ಬೆನ್ನ ಮೇಲೆ ಒಂಬತ್ತು ಏಣು, ನಡುನಡುವೆ ನೆರಿಗೆ. ಒಂದು ಕ್ಷಣ ಸುಮ್ಮನೆ ತೇಲಿತು. ಆಮೇಲೆ ಒಂದು ಅಂಚಿನಿಂದ ತನ್ನನ್ನು ತಾನೇ ಚಾಪೆಯಂತೆ ಸುತ್ತಿಕೊಂಡು, ಮುಂದಕ್ಕೆ ಬಿಚ್ಚಿಕೊಂಡಿತು. ಮತ್ತೆ ಸುತ್ತಿಕೊಂಡಿತು, ಬಿಚ್ಚಿಕೊಂಡಿತು. ಪ್ರತಿ ಸಲ ಬಿಚ್ಚಿಕೊಂಡಾಗಲೂ ಗೇಣುದ್ದ ಮುಂದೆ ಹೋಗುತ್ತಿತ್ತು. ನೆರಿಗೆಗಳು ಒಂದರ ಹಿಂದೊಂದು ನೆಟ್ಟಗಾಗಿ ನೀರನ್ನು ಹಿಂದಕ್ಕೆ ದೂಡುತ್ತಿದ್ದವು.

ಇಂದುಮತಿ ಕುರ್ಚಿಯಿಂದ ಎದ್ದದ್ದು ಅವಳಿಗೇ ತಿಳಿಯಲಿಲ್ಲ. ಮೀನು ಹಾಗೆ ಹೋಗುವುದಿಲ್ಲ, ಹುಳು ಹೋಗುವುದಿಲ್ಲ, ಲೋಳೆಮೈಯ ಅಂಬಲಿ ಮೀನೂ ಹೋಗುವುದಿಲ್ಲ. ಅದರ ಎಡಬದಿ ಬಲಬದಿಯನ್ನು ಹೋಲುತ್ತಿರಲಿಲ್ಲ. ಮುಂದಾವುದು ಹಿಂದಾವುದು ಎಂಬ ಚಿಂತೆಯೇ ಅದಕ್ಕಿರಲಿಲ್ಲ. ಗಾಜಿನ ಗೋಡೆ ಮುಟ್ಟಿದೊಡನೆ ತಿರುಗುವ ಗೋಜಿಗೆ ಹೋಗದೆ ಇನ್ನೊಂದು ಅಂಚಿನಿಂದ ಸುತ್ತಿಕೊಂಡು ವಾಪಸು ಹೊರಟಿತು. ಈಗ ಬದುಕಿರುವ ಯಾವುದಕ್ಕೂ ಅದು ಅಜ್ಜಿಯಲ್ಲ, ಚಿಕ್ಕಮ್ಮನೂ ಅಲ್ಲ. ತನ್ನಷ್ಟಕ್ಕೆ ತಾನೊಂದು ಕುಲವಾಗಿ ಹುಟ್ಟಿ, ಹೀಗೊಂದು ನಡಿಗೆ ಕಲಿತು, ಯಾರಿಗೂ ಹೇಳಿಕೊಡದೆ ಮುಗಿದುಹೋಗಿತ್ತು.

“ಏ, ನೋಡ್ರಿ ನೋಡ್ರಿ! ಹೊಂಟಳ್ ನೋಡ್ರಿ!” ಹುಲಿಗೆಮ್ಮ ಗಾಜಿಗೆ ಮೂಗು ಒತ್ತಿದ್ದಳು. “ನಮ್ಮ ಖಣಿದು! ಹಾಸಗಿ ಸುತ್ತಿದಂಗ ಸುತಗೊಂಡು... ಅಯ್ಯ ಇವಳ್! ನಾ ಹೇಳಿಲ್ಲೇನ್ ಬೋರಲ ಇಟ್ಟೀರಿ ಅಂತ?”

“ಹೇಳ್ದಿ,” ಎಂದಳು ಇಂದುಮತಿ.

ಆ ದನಿಗೆ ಹುಲಿಗೆಮ್ಮ ತಿರುಗಿ ನೋಡಿದಳು. ನಗು ಒಂದೊಂದೇ ನೆರಿಗೆಯಾಗಿ ಅವಳ ಮುಖದಿಂದ ಇಳಿಯಿತು. “ಅಮ್ಮಾರ. ಹಿಂಗ ಈಜಿದ್ರ...”

“ಮೂರು ನಿಮಿಷ.”

“ಈಗೆಷ್ಟಾತ್ರಿ?”

“ಎರಡು ದಾಟ್ತು.”

ರುಕ್ಮುದ್ದೀನ್ ಆಗಲೇ ತೊಳೆದಿಟ್ಟಿದ್ದ ಮೂರು ಕಪ್ಪುಗಳನ್ನು ಎತ್ತಿಕೊಂಡ. “ಕಪ್ಪು ತೊಳಕೊಂಡು ಬರ್ತೀನ್ರಿ ಮೇಡಂ,” ಎಂದು ಬಾಗಿಲು ಎಳೆದುಕೊಂಡು ಹೋದ.

ಗಡಿಯಾರದ ಕೆಂಪು ಅಂಕಿಗಳು ಏರುತ್ತಿದ್ದವು. ಹುಲಿಗೆಮ್ಮ ಅಂಕಿಗಳನ್ನೂ ನೋಡಿದಳು, ನೀರನ್ನೂ ನೋಡಿದಳು. ದಪ್ಪನೆಯ ಬಲಗೈಯನ್ನು ಸೆರಗಿನಲ್ಲಿ ಒರೆಸಿಕೊಂಡಳು. ಪರೀಕ್ಷೆ ನಡೆಯುತ್ತಿರುವಾಗ ತೊಟ್ಟಿಯೊಳಗೆ ಯಾರೂ ಕೈ ಹಾಕಕೂಡದೆಂದು ಗೋಡೆಯ ಮೇಲೆ ಎರಡು ಭಾಷೆಗಳಲ್ಲಿ ಬರೆದಿತ್ತು. ಅವಳಿಗೆ ಓದು ಬರುತ್ತಿರಲಿಲ್ಲ; ಆದರೆ ಕೇಳಬೇಕೆಂಬುದು ತಿಳಿದಿತ್ತು.

“ಮುಟ್ಟಿ ನೋಡ್ಲೇನ್ರಿ?”

ಅದು ಸುತ್ತಿಕೊಂಡಿತು, ಬಿಚ್ಚಿಕೊಂಡಿತು. ಇಂದುಮತಿ ಇನ್ನೊಂದು ಸಲ ಅದು ಸುತ್ತಿಕೊಳ್ಳುವುದನ್ನು ನೋಡಿದಳು. ಬಿಚ್ಚಿಕೊಳ್ಳುವವರೆಗೆ ಕಾದಳು.

“ಮುಟ್ಟು,” ಎಂದಳು.

ಹುಲಿಗೆಮ್ಮ ಮೊಣಕೈವರೆಗೆ ಕೈ ಇಳಿಸಿ, ತೆಳ್ಳನೆಯ ಹಲಗೆಗಲ್ಲನ್ನು ಮುರಿಯದಂತೆ ಎತ್ತುವಾಗ ಮಾಡುವಂತೆ ಅಂಗೈಯನ್ನು ಅದರಡಿಗೆ ಜಾರಿಸಿ ಮೇಲಕ್ಕೆತ್ತಿದಳು. ಅಂಗೈಯ ಮೇಲೆ ಅದು ಒಂದು ಸಲ ಅವಳ ಮೂರು ಬೆರಳುಗಳಿಗೆ ಸುತ್ತಿಕೊಂಡಿತು. ಬಿಚ್ಚಿಕೊಳ್ಳಲಿಲ್ಲ.

“ತಣ್ಣಗ ಅದ,” ಎಂದಳು ಹುಲಿಗೆಮ್ಮ. ಬೆರಳು ಬಿಡಿಸಿಕೊಳ್ಳದೆ, “ಪಾಪ,” ಎಂದಳು.

ಚಲನೆ ಎರಡು ನಿಮಿಷ ನಲವತ್ತೊಂದು ಸೆಕೆಂಡು, ಮೂರನೆಯ ಪರೀಕ್ಷೆ ವಿಫಲ, ವರ್ಗ ಬರೀ ಕಲೆ ಎಂದು ಯಂತ್ರ ಬರೆದುಕೊಂಡಿತು. ಇಂದುಮತಿ ಸಹಿ ಹಾಕಿದಳು, ಹುಲಿಗೆಮ್ಮ ಒದ್ದೆ ಹೆಬ್ಬೆಟ್ಟನ್ನು ಸೀರೆಗೆ ಒರೆಸಿಕೊಂಡು ಒತ್ತಿದಳು. ಸೋಮವಾರ ಕರಿಹಿಪ್ಪರಗಿಯ ಗಣಿ ತೆರೆಯಿತು. ಆ ಗುರುತಿದ್ದ ಪದರು ಮೂರು ಬೆರಳು ದಪ್ಪವಿತ್ತು. ಶ್ರಾವಣ ಮುಗಿಯುವುದರೊಳಗೆ ಪೂರ್ತಿ ಮಾರಾಟವಾಯಿತು.